ಹಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್: ಕೊಳ್ಳುವುದು, ಸುಧಾರಿಸುವುದು, ಕೆಟ್ಟಾಗ ಸರಿಪಡಿಸಿಕೊಳ್ಳುವುದು

ಹಾಸನದಲ್ಲಿ ಮನೆಗಳ ನಕ್ಷೆ ಮತ್ತು ತೋಟಗಳ ಸರ್ವೆ ನಕ್ಷೆ ತಯಾರಿಸುವ ಸಣ್ಣ ಕಚೇರಿಯೊಂದನ್ನು ನಡೆಸುತ್ತಿರುವ ನಾನು ಹೊಸ ಲ್ಯಾಪ್‌ಟಾಪ್ ಕೊಂಡದ್ದು ಒಮ್ಮೆ ಮಾತ್ರ. ಉಳಿದವೆಲ್ಲ ದೊಡ್ಡ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಹೊರಹಾಕಿದ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಅಲ್ಲಿಂದ ತಂದು ಮಾರುವ ನಮ್ಮೂರಿನ ಅಂಗಡಿಗಳಿಂದಲೋ ಕೈಸೇರಿದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳು, ಅಂದರೆ ನಕ್ಷೆ, ವಿನ್ಯಾಸದಂಥ ಭಾರೀ ಕೆಲಸಕ್ಕೆಂದೇ ಮಾಡಿದ ಯಂತ್ರಗಳು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಸಕಲೇಶಪುರದ ಕಡೆ ಸರ್ವೆ ಮಾಡುವವರು, ಚಿಕ್ಕಮಗಳೂರಿನ ಫೋಟೊ ಸ್ಟುಡಿಯೊದವರು ಇಂಥ ಯಂತ್ರ ಕೊಳ್ಳುವ ಮುನ್ನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಇಂಥ ಯಂತ್ರ ನಿಧಾನವಾಯಿತೆಂದು ನನ್ನ ಮೇಜಿಗೆ ಬಂದಾಗ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದಾಗಿರುತ್ತದೆ: ಶಕ್ತಿ ಸಾಲದ ಅಡಾಪ್ಟರ್, ಇಲ್ಲವೇ ಧೂಳು ಕಟ್ಟಿದ ಫ್ಯಾನ್. ಇವೆರಡನ್ನೂ ಅಳೆದು ನೋಡದೆ ಜನ ಮೊದಲು ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಕೊಳ್ಳುತ್ತಾರೆ. ನಾನೂ ಹಾಗೆ ಕೊಂಡವನೇ. ಆ ಕಥೆಗೆ ಮುಂದೆ ಬರುತ್ತೇನೆ.

ಯಾವುದನ್ನು ಕೊಳ್ಳಬೇಕು

ಲೆನೊವೊದ ಥಿಂಕ್‌ಪ್ಯಾಡ್ ಪಿ ಸರಣಿ, ಡೆಲ್‌ನ ಪ್ರಿಸಿಷನ್, ಎಚ್‌ಪಿಯ ಝಡ್‌ಬುಕ್ ಎಂಬ ಮೂರು ಹೆಸರುಗಳನ್ನು ನೆನಪಿಟ್ಟುಕೊಂಡರೆ ಈ ಮಾರುಕಟ್ಟೆಯ ಬಹುಪಾಲು ಅರ್ಥವಾದಂತೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಮುಗಿಸುವ ಕಾಲದಲ್ಲಿ ಇವುಗಳಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್‌ಗಳು, ಎರಡು ಅಥವಾ ಹೆಚ್ಚು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕುವ ಜಾಗ, ಬಿಚ್ಚಿ ಬದಲಿಸಬಹುದಾದ ಕೀಬೋರ್ಡ್ ಮತ್ತು ಫ್ಯಾನ್ ಇರುತ್ತವೆ; ಅದಕ್ಕಿಂತ ಮುಖ್ಯವಾಗಿ, ಯಾವ ಸ್ಕ್ರೂ ಎಲ್ಲಿದೆ ಎಂದು ಚಿತ್ರಸಹಿತ ವಿವರಿಸುವ ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ಈ ಮೂರೂ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿವೆ. ಪ್ರತಿಯಾಗಿ ಭಾರವನ್ನು ಒಪ್ಪಿಕೊಳ್ಳಬೇಕು. ಹದಿನೈದು ಇಂಚಿನ ಯಂತ್ರವೊಂದು ಎರಡೂವರೆ ಕೆಜಿಗಿಂತ ಹೆಚ್ಚು ತೂಗುತ್ತದೆ, ಇಟ್ಟಿಗೆಯಂಥ ಅಡಾಪ್ಟರ್ ಬೇರೆ. ದಿನವೂ ಬೇಲೂರಿನಿಂದ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಬರುವ ವಿದ್ಯಾರ್ಥಿಗೆ ನಾನು ಇದನ್ನು ಸೂಚಿಸುವುದಿಲ್ಲ. ಬರೀ ವರ್ಡ್, ಎಕ್ಸೆಲ್, ಟ್ಯಾಲಿ ಬಳಸುವವರಿಗೂ ಇದು ಬೇಡ.

ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಬೇಕು. ಪಿ50 ಬೇರೆ, ಪಿ50ಎಸ್ ಬೇರೆ. ಝಡ್‌ಬುಕ್ 15 ಬೇರೆ, ಝಡ್‌ಬುಕ್ 15ಯು ಬೇರೆ. ಕೊನೆಯಲ್ಲಿ ಎಸ್ ಅಥವಾ ಯು ಇರುವವು ತೆಳುವಾದ ಯಂತ್ರಗಳಾಗಿದ್ದು, ಇಂಟೆಲ್ ಪ್ರೊಸೆಸರ್‌ಗಳ ಆರನೇ ಮತ್ತು ಏಳನೇ ತಲೆಮಾರಿನಲ್ಲಿ ಅವುಗಳ ಪ್ರೊಸೆಸರ್‌ಗೆ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಅಂಗಡಿಯ ಪಟ್ಟಿಯಲ್ಲಿ ಎರಡೂ ‘ವರ್ಕ್‌ಸ್ಟೇಷನ್, ಐ7’ ಎಂದೇ ಬರೆದಿರುತ್ತದೆ. ಪ್ರೊಸೆಸರ್‌ನ ಪೂರ್ಣ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದೊಂದೇ ದಾರಿ. ಐ7-6820ಎಚ್‌ಕ್ಯೂ ಎಂದಿದ್ದರೆ ಮೊದಲ ಅಂಕಿ ಆರನೇ ತಲೆಮಾರನ್ನೂ, ಎಚ್‌ಕ್ಯೂ ಎಂಬುದು ನಾಲ್ಕು ಕೋರ್‌ಗಳ 45 ವ್ಯಾಟ್ ಪ್ರೊಸೆಸರನ್ನೂ ಸೂಚಿಸುತ್ತದೆ. ಐ7-8850ಎಚ್ ಎಂದಿದ್ದರೆ ಅದು ಎಂಟನೇ ತಲೆಮಾರಿನದು, ಆರು ಕೋರ್‌ಗಳದ್ದು.

ತಲೆಮಾರಿನ ಲೆಕ್ಕ ಈಗ ಮೊದಲಿಗಿಂತ ಮುಖ್ಯವಾಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯ ಜೊತೆಗೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರನ್ನು ಕೇಳುತ್ತದೆ. ಆದ್ದರಿಂದ ಆರು ಮತ್ತು ಏಳನೇ ತಲೆಮಾರಿನ ಪಿ50, ಪಿ51, ಪ್ರಿಸಿಷನ್ 7510, 7520, ಝಡ್‌ಬುಕ್ 15 ಜಿ3, ಜಿ4 ಒಂದು ಗುಂಪು. ಎಂಟನೆಯ ತಲೆಮಾರಿನ ಪಿ52, ಪ್ರಿಸಿಷನ್ 7530, ಝಡ್‌ಬುಕ್ 15 ಜಿ5 ಇನ್ನೊಂದು ಗುಂಪು. ಮೊದಲ ಗುಂಪಿನ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಅಂಗಡಿಯಲ್ಲಿ ತೋರಿಸುತ್ತಾರೆ, ಅದು ಓಡುವುದೂ ನಿಜ. ಆದರೆ ಮೈಕ್ರೋಸಾಫ್ಟ್ ಅದನ್ನು ಬೆಂಬಲಿಸುವುದಿಲ್ಲವಾದ್ದರಿಂದ ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ನಕ್ಷೆ ಬರೆಯುವ ಆಟೊಕ್ಯಾಡ್, ಲೆಕ್ಕಪತ್ರದ ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ ಇವುಗಳ ಮೇಲೆ ಅನ್ನ ನಿಂತಿರುವವರು ವಿಂಡೋಸ್ ಬಿಡಲಾರರು. ಅವರು ಸ್ವಲ್ಪ ಹೆಚ್ಚು ಕೊಟ್ಟು ಎಂಟನೇ ತಲೆಮಾರಿನದನ್ನೇ ತೆಗೆದುಕೊಳ್ಳಲಿ. ಲಿನಕ್ಸ್‌ನಲ್ಲಿ ಕ್ಯೂಜಿಐಎಸ್ (ಭೂನಕ್ಷೆ), ಬ್ಲೆಂಡರ್ (ಮೂರು ಆಯಾಮದ ಚಿತ್ರ), ಪ್ರೋಗ್ರಾಮಿಂಗ್ ಮಾಡಿಕೊಂಡಿರುವವರಿಗೆ ಮೊದಲ ಗುಂಪು ಈಗ ಲಾಭದ ವ್ಯಾಪಾರ.

ಗ್ರಾಫಿಕ್ಸ್ ಬಗ್ಗೆ ಎರಡು ಮಾತು ಸಾಕು. ಎನ್‌ವಿಡಿಯಾದ ಕ್ವಾಡ್ರೊ ಎಂಬ ಗ್ರಾಫಿಕ್ಸ್ ಚಿಪ್ಪುಗಳ ಪೈಕಿ ಎಂ1000ಎಂ, ಎಂ2000ಎಂ ಇತ್ಯಾದಿಗಳಲ್ಲಿ ಮೊದಲ ಎಂ ಅಕ್ಷರ ಮ್ಯಾಕ್ಸ್‌ವೆಲ್ ತಲೆಮಾರನ್ನು, ಪಿ1000, ಪಿ2000ಗಳಲ್ಲಿ ಪಿ ಅಕ್ಷರ ಪಾಸ್ಕಲ್ ತಲೆಮಾರನ್ನು ಸೂಚಿಸುತ್ತದೆ. ಈ ಎರಡೂ ತಲೆಮಾರುಗಳಿಗೆ ಎನ್‌ವಿಡಿಯಾದ 580 ಸರಣಿಯ ಡ್ರೈವರೇ ಕೊನೆಯದು ಎಂಬುದನ್ನು ಲಿನಕ್ಸ್ ಬಳಸುವವರು ವಿಶೇಷವಾಗಿ ನೆನಪಿಡಬೇಕು. ಎರಡು ಆಯಾಮದ ನಕ್ಷೆಗೆ ಇವುಗಳಲ್ಲಿ ಯಾವುದಾದರೂ ಸಾಕು, ಕಟ್ಟಡ ವಿನ್ಯಾಸದ ರೆವಿಟ್‌ಗೂ ನಡೆಯುತ್ತದೆ. ಮನೆಯ ಒಳಾಂಗಣವನ್ನು ಫೋಟೊದಂತೆ ರೆಂಡರ್ ಮಾಡಿಕೊಡುವ ದಂಧೆಗೆ ಇಳಿಯುವವರು ಹಳೆಯ ಲ್ಯಾಪ್‌ಟಾಪಿನ ಆಸೆ ಬಿಡುವುದು ಒಳಿತು.

ಅಂಗಡಿಯಲ್ಲಿ ಕಳೆಯಬೇಕಾದ ಒಂದು ಗಂಟೆ

ಯಂತ್ರವನ್ನು ನೋಡದೆ ಪಾರ್ಸೆಲ್‌ನಲ್ಲಿ ತರಿಸಿಕೊಂಡರೆ ಐನೂರೋ ಸಾವಿರವೋ ರೂಪಾಯಿ ಉಳಿಯಬಹುದು. ಅದನ್ನು ಬಿಟ್ಟುಕೊಟ್ಟು ಖುದ್ದಾಗಿ ಹೋಗಿ ನೋಡಬೇಕೆಂಬುದು ನನ್ನ ಸಲಹೆ. ಅಂಗಡಿಯವರು ಒಂದು ಗಂಟೆ ಕೂರಲು ಬಿಡದಿದ್ದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಮೊದಲು ಯಂತ್ರವನ್ನು ಆಫ್ ಮಾಡಿ, ಮತ್ತೆ ಆನ್ ಮಾಡುವಾಗ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಹೊಂದಿಕೆಗಳ ಪುಟಕ್ಕೆ) ಹೋಗಬೇಕು: ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಅಥವಾ ಒಳಗೆ ಹೋದರೂ ಯಾವುದನ್ನೂ ಬದಲಿಸಲು ಬಿಡದಿದ್ದರೆ, ಮಾತುಕತೆ ಅಲ್ಲಿಗೇ ನಿಲ್ಲಬೇಕು. ಒಳಗಿನ ಗುಂಡುಬ್ಯಾಟರಿ ತೆಗೆದು ಹಾಕಿದರೆ ಪಾಸ್‌ವರ್ಡ್ ಹೋಗುತ್ತದೆಂಬ ಮಾತು ಹಳೆಯ ಡೆಸ್ಕ್‌ಟಾಪ್‌ಗಳ ಕಾಲದ್ದು. ಈ ವರ್ಗದ ಯಂತ್ರಗಳಲ್ಲಿ ಅದು ಬೋರ್ಡಿನ ಮೇಲಿನ ಪ್ರತ್ಯೇಕ ಚಿಪ್ಪಿನಲ್ಲಿ ಉಳಿದಿರುತ್ತದೆ. ಅಲ್ಲೇ ಅಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಆಯ್ಕೆ ಸಕ್ರಿಯವಾಗಿದೆಯೇ ಎಂದು ನೋಡಬೇಕು, ಏಕೆಂದರೆ ಅದು ಹಳೆಯ ಮಾಲೀಕ ಕಂಪನಿ ಯಂತ್ರವನ್ನು ದೂರದಿಂದ ಪತ್ತೆಹಚ್ಚುವ ವ್ಯವಸ್ಥೆ. ಬಯೋಸ್‌ನಲ್ಲಿ ಕಾಣುವ ಸೀರಿಯಲ್ ನಂಬರ್ ಯಂತ್ರದ ತಳದ ಚೀಟಿಯಲ್ಲಿರುವುದಕ್ಕೆ ಹೊಂದಬೇಕು, ಬಿಲ್ಲಿನಲ್ಲಿಯೂ ಅದೇ ನಂಬರ್ ಬರೆಸಬೇಕು. ಸಾಧ್ಯವಾದರೆ ಅಂತರ್ಜಾಲ ಜೋಡಿಸಿಟ್ಟು ವಿಂಡೋಸನ್ನು ಹೊಸದಾಗಿ ಹಾಕಿಸಿ ನೋಡಬೇಕು. ಆಗ ಯಾವುದೋ ಕಂಪನಿಯ ಹೆಸರು ತೋರಿಸಿ ಆ ಕಂಪನಿಯ ಲಾಗಿನ್ ಕೇಳಿದರೆ, ಯಂತ್ರ ಇನ್ನೂ ಅವರ ದಾಖಲೆಯಿಂದ ಬಿಡುಗಡೆಯಾಗಿಲ್ಲವೆಂದು ಅರ್ಥ.

ಬ್ಯಾಟರಿಯ ಸ್ಥಿತಿಯನ್ನು ವಿಂಡೋಸ್ ತಾನೇ ಹೇಳುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಕೂಡಿಸಿ ಬರೆದು ಎಂಟರ್ ಒತ್ತಿದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಯಂತ್ರದ ಬೆಲೆಯಿಂದ ಕಳೆದು ಚೌಕಾಸಿ ಮಾಡಬಹುದು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಅಥವಾ ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟಾಗ ಒಂದು ಮೂಲೆ ಅಲುಗಾಡಿದರೆ, ಒಳಗಿನ ಬ್ಯಾಟರಿ ಊದಿದೆಯೇ ಎಂಬ ಅನುಮಾನ ಬರಬೇಕು. ಎಸ್‌ಎಸ್‌ಡಿ ಎಷ್ಟು ಗಂಟೆ ದುಡಿದಿದೆ, ಅದರ ಆರೋಗ್ಯ ಎಷ್ಟಿದೆ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ತೋರಿಸುತ್ತದೆ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಕಲೆಗಳನ್ನು ಹುಡುಕಬೇಕು, ಮುಚ್ಚಳವನ್ನು ನಿಧಾನವಾಗಿ ತೆರೆದು ಮುಚ್ಚಿ ಚಿತ್ರ ನಡುಗುತ್ತದೆಯೇ ನೋಡಬೇಕು, ಪ್ರತಿಯೊಂದು ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಬೇಕು, ಪ್ರತಿಯೊಂದು ಕೀಲಿಯನ್ನೂ ಒತ್ತಬೇಕು.

ಉಳಿದ ಸಮಯವೆಲ್ಲ ಶಾಖಕ್ಕೆ ಮೀಸಲು. ಶಾಖ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟುಕೊಂಡು, ಸಿನೆಬೆಂಚ್‌ನಂಥ ಪರೀಕ್ಷಾ ತಂತ್ರಾಂಶದಿಂದ ಎಲ್ಲ ಕೋರ್‌ಗಳಿಗೂ ಹದಿನೈದು ನಿಮಿಷ ಕೆಲಸ ಕೊಡಬೇಕು. ಈ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಬಂದಾಗ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಎಂಬತ್ತು, ತೊಂಬತ್ತು ಡಿಗ್ರಿಯಲ್ಲಿ ನಿಂತರೆ ಚಿಂತೆಯಿಲ್ಲ. ಮೊದಲ ನಿಮಿಷದಲ್ಲೇ ನೂರನ್ನು ಮುಟ್ಟಿದರೆ ಧೂಳೋ ಒಣಗಿದ ಪೇಸ್ಟೋ (ಪ್ರೊಸೆಸರ್‌ನ ಶಾಖ ದಾಟಿಸುವ ಲೇಪ) ಇದೆ, ಅದನ್ನು ಸರಿಪಡಿಸಬಹುದು. ಕೆಲಸ ಕೊಟ್ಟರೂ ಬಿಸಿಯೇ ಆಗದೆ, ವೇಗ ಒಂದು ಗಿಗಾಹರ್ಟ್ಸ್‌ನ ಕೆಳಗೇ ಕುಳಿತಿದ್ದರೆ ಮಾತ್ರ ಕಥೆ ಬೇರೆ.

ಅಡಾಪ್ಟರ್

ನನ್ನ ಎರಡನೆಯ ಯಂತ್ರದ ಕಥೆ ಇದೇ. ಅಂಗಡಿಯಲ್ಲಿ ಚೆನ್ನಾಗಿಯೇ ಓಡಿತ್ತು, ಏಕೆಂದರೆ ಅಲ್ಲಿ ಅದನ್ನು ಬೇರೊಂದು ಯಂತ್ರದ ದೊಡ್ಡ ಅಡಾಪ್ಟರ್‌ಗೆ ಜೋಡಿಸಿದ್ದರು. ಡಬ್ಬಿಯೊಳಗೆ ಹಾಕಿಕೊಟ್ಟದ್ದು ಚಿಕ್ಕದು. ಕೇಳಿದ್ದಕ್ಕೆ, ‘ಪಿನ್ ಒಂದೇ ಸರ್, ಯಾವುದಾದರೂ ನಡೆಯುತ್ತೆ’ ಎಂದರು. ಪಿನ್ ಸರಿಯಾಗಿಯೇ ಕೂತಿತು, ದೀಪವೂ ಹತ್ತಿತು. ಕಚೇರಿಗೆ ತಂದು ಆಟೊಕ್ಯಾಡ್ ತೆರೆದರೆ ಗೆರೆಯೊಂದನ್ನು ಎಳೆದ ಮೇಲೆ ಅದು ಪರದೆಯಲ್ಲಿ ಕಾಣಲು ಕ್ಷಣಕಾಲ ಕಾಯಬೇಕಿತ್ತು. ರ‍್ಯಾಮ್ ಸಾಲದೆಂದು ತೀರ್ಮಾನಿಸಿ, 16 ಜಿಬಿಯನ್ನು 32 ಮಾಡಿದೆ. ಏನೂ ಬದಲಾಗಲಿಲ್ಲ. ವಾರದ ಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಕಂಡದ್ದು ಹೀಗೆ: ಮೂಲ ವೇಗ 2.70 ಗಿಗಾಹರ್ಟ್ಸ್, ಈಗಿನ ವೇಗ 0.79. ಅಡಾಪ್ಟರನ್ನು ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದಾಗ ಅದೇ ಸಂಖ್ಯೆ ಎರಡನ್ನು ದಾಟಿತು. ಕರೆಂಟ್ ಜೋಡಿಸಿದರೆ ನಿಧಾನ, ತೆಗೆದರೆ ವೇಗ ಎಂಬ ವಿಚಿತ್ರವನ್ನು ಕಂಡ ಮೇಲೆಯೇ ಅಡಾಪ್ಟರ್‌ನ ಬೆನ್ನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದುವ ಬುದ್ಧಿ ಬಂತು.

ಆ ಅಕ್ಷರಗಳಲ್ಲಿ ಔಟ್‌ಪುಟ್ ಎಂದಿರುವ ಸಾಲಿನ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 19.5 ವೋಲ್ಟ್, 4.62 ಆಂಪಿಯರ್ ಎಂದರೆ 90 ವ್ಯಾಟ್, 19.5 ವೋಲ್ಟ್, 9.23 ಆಂಪಿಯರ್ ಎಂದರೆ 180 ವ್ಯಾಟ್. ನನಗೆ ಕೊಟ್ಟದ್ದು ಮೊದಲನೆಯದು, ಬೇಕಿದ್ದದ್ದು ಎರಡನೆಯದು. ಪ್ರಿಸಿಷನ್ 7510ಕ್ಕೆ 180 ವ್ಯಾಟ್, ಥಿಂಕ್‌ಪ್ಯಾಡ್ ಪಿ50ಕ್ಕೆ 20 ವೋಲ್ಟ್‌ನ 170 ವ್ಯಾಟ್ ಅಡಾಪ್ಟರ್ ಬರುತ್ತದೆ. ಝಡ್‌ಬುಕ್‌ಗಳಿಗೆ ಮಾದರಿಗೆ ತಕ್ಕಂತೆ 150 ಅಥವಾ 200 ವ್ಯಾಟ್. ಡೆಲ್‌ನ ದುಂಡು ಪಿನ್ನಿನ ನಡುವೆ ಇರುವ ಸೂಜಿಯಂಥ ತಂತಿ ವಿದ್ಯುತ್ತಿಗಾಗಿ ಇರುವುದಲ್ಲ. ಅಡಾಪ್ಟರ್ ತಾನೆಷ್ಟು ವ್ಯಾಟಿನದೆಂದು ಯಂತ್ರಕ್ಕೆ ತಿಳಿಸುವುದು ಅದರ ಮೂಲಕವೇ. ಆ ಸೂಜಿ ಬಾಗಿದರೆ, ಕೇಬಲ್ ಬುಡದಲ್ಲಿ ತುಂಡಾದರೆ, ಅಥವಾ ಅಡಾಪ್ಟರ್ ನಕಲಿಯಾಗಿದ್ದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಆಗ ಅದು ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಪ್ರೊಸೆಸರನ್ನೂ ಕಟ್ಟಿಹಾಕುತ್ತದೆ. ಡೆಲ್‌ನ ಬಯೋಸ್‌ನಲ್ಲಿ ಅಡಾಪ್ಟರ್‌ನ ವ್ಯಾಟ್ ಎಷ್ಟೆಂದು ಓದಲು ಸಿಗುತ್ತದೆ. ಉಳಿದವುಗಳಲ್ಲಿ ಟಾಸ್ಕ್ ಮ್ಯಾನೇಜರ್‌ನ ವೇಗವನ್ನು ಅಡಾಪ್ಟರ್ ಇದ್ದಾಗ, ಇಲ್ಲದಾಗ ಹೋಲಿಸಿದರೆ ಸಾಕು. ಅಂಗಡಿಯಲ್ಲಿ ಯಂತ್ರವನ್ನು ಪರೀಕ್ಷಿಸುವಾಗ ನಿಮಗೆ ಕೊಡುವ ಅಡಾಪ್ಟರನ್ನೇ ಜೋಡಿಸಿ ಪರೀಕ್ಷಿಸಬೇಕೆಂದು ಹಟ ಹಿಡಿಯಿರಿ.

ಸುಧಾರಣೆ

ಬೆಲೆ ಮಾತಾಡುವ ಮೊದಲೇ ಯಂತ್ರ, ಎಸ್‌ಎಸ್‌ಡಿ, ರ‍್ಯಾಮ್, ಬ್ಯಾಟರಿ, ಸರಿಯಾದ ಅಡಾಪ್ಟರ್ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಕೂಡಿ ನೋಡಬೇಕು. ಒಟ್ಟು ಮೊತ್ತ ಹೊಸ ಸಾಮಾನ್ಯ ಲ್ಯಾಪ್‌ಟಾಪಿನ ಹತ್ತಿರ ಬಂದರೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಇರುವ ಯಂತ್ರಕ್ಕೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಹೋಗಬೇಕು, ರ‍್ಯಾಮ್ ಆಮೇಲೆ. ಎಂ.2 ಸ್ಲಾಟಿಗೆ ಹೊಂದುವ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಜಾತಿಗಳಿವೆ. ನೋಡಲು ಒಂದೇ ಥರ ಇದ್ದರೂ ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ, ಈ ಯಂತ್ರಗಳ ಪಿಸಿಐಇ 3.0 ಸ್ಲಾಟಿನಲ್ಲಿ ಎನ್‌ವಿಎಂಇ 3,500 ಎಂಬಿಯವರೆಗೆ ಹೋಗಬಲ್ಲದು. ಪಿಸಿಐಇ ನಾಲ್ಕನೇ ತಲೆಮಾರಿನ ದುಬಾರಿ ಎಸ್‌ಎಸ್‌ಡಿ ಹಾಕಿದರೂ ಅದು ಮೂರನೆಯ ತಲೆಮಾರಿನ ವೇಗಕ್ಕೇ ಇಳಿಯುವುದರಿಂದ ಆ ಹಣವನ್ನು ಜಿಬಿ ಹೆಚ್ಚಿಸಿಕೊಳ್ಳಲು ಬಳಸುವುದು ಲೇಸು. ಎರಡೂವರೆ ಇಂಚಿನ ಡಿಸ್ಕ್ ಸೇರಿಸುವ ಯೋಚನೆಯಿದ್ದರೆ ಅದರ ಕೇಬಲ್ ಮತ್ತು ಚೌಕಟ್ಟು ಒಳಗಿವೆಯೇ ಎಂದು ಕೊಳ್ಳುವಾಗಲೇ ತೆರೆಸಿ ನೋಡಬೇಕು, ಏಕೆಂದರೆ ಮಾರುಕಟ್ಟೆಗೆ ಬರುವಷ್ಟರಲ್ಲಿ ಅವು ಮಾಯವಾಗಿರುವುದೇ ಹೆಚ್ಚು. ಕೆಲವು ಮಾದರಿಗಳಲ್ಲಿ ದೊಡ್ಡ ಬ್ಯಾಟರಿ ಹಾಕಿದರೆ ಆ ಜಾಗವೇ ಇರುವುದಿಲ್ಲ.

ರ‍್ಯಾಮ್ ಕೊಳ್ಳುವಾಗ ಲ್ಯಾಪ್‌ಟಾಪಿನ ಡಿಡಿಆರ್4, ಅಂದರೆ 260 ಪಿನ್ನಿನ ಎಸ್‌ಒಡಿಮ್ ಎಂದು ಸ್ಪಷ್ಟವಾಗಿ ಹೇಳಬೇಕು. ಆರನೇ ತಲೆಮಾರು 2133, ಏಳನೆಯದು 2400, ಎಂಟನೆಯದು 2666 ವೇಗದಲ್ಲಿ ಓಡಿಸುತ್ತದೆ. ಹೆಚ್ಚು ವೇಗದ್ದನ್ನು ಹಾಕಿದರೆ ಸಾಮಾನ್ಯವಾಗಿ ಅದು ತಗ್ಗಿ ಓಡುತ್ತದೆ. ಒಂದೇ 16 ಜಿಬಿ ಪಟ್ಟಿಗಿಂತ ಎರಡು 8 ಜಿಬಿ ಪಟ್ಟಿಗಳು ಜೋಡಿಯಾಗಿ ಕೆಲಸ ಮಾಡುವುದರಿಂದ ಉತ್ತಮ. ಇಂಟೆಲ್‌ನ ಜಿಯಾನ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಇಸಿಸಿ (ತಪ್ಪು ತಿದ್ದಿಕೊಳ್ಳುವ) ರ‍್ಯಾಮ್ ಇರಬಹುದು, ಅದರ ಜೊತೆ ಸಾಮಾನ್ಯ ಪಟ್ಟಿಯನ್ನು ಬೆರೆಸಬಾರದು. ಇನ್ನೊಂದು ಕಿರಿಕಿರಿಯನ್ನು ಮೊದಲೇ ತಿಳಿದಿರಬೇಕು: ಈ ವರ್ಗದ ಅನೇಕ ಯಂತ್ರಗಳಲ್ಲಿ ನಾಲ್ಕು ಸ್ಲಾಟ್‌ಗಳ ಪೈಕಿ ಎರಡು ಮಾತ್ರ ತಳದ ಮುಚ್ಚಳ ತೆಗೆದಾಗ ಕಾಣುತ್ತವೆ, ಉಳಿದೆರಡು ಕೀಬೋರ್ಡಿನ ಕೆಳಗೆ ಅಡಗಿರುತ್ತವೆ. ‘ಎರಡೇ ಸ್ಲಾಟ್ ಇವೆ’ ಎಂದು ನಂಬಿ, ಇದ್ದ ಒಳ್ಳೆಯ ಪಟ್ಟಿಗಳನ್ನು ಕಿತ್ತು ಮಾರಿದವರನ್ನು ನಾನು ಕಂಡಿದ್ದೇನೆ.

ಬಿಚ್ಚುವಾಗ ಅಡಾಪ್ಟರ್ ತೆಗೆಯುವುದಷ್ಟೇ ಸಾಲದು. ಹೊರಗಿನ ಬ್ಯಾಟರಿಯಿದ್ದರೆ ಅದನ್ನು ಕಳಚಬೇಕು. ಒಳಗಿನದಾದರೆ ಥಿಂಕ್‌ಪ್ಯಾಡ್‌ನ ಬಯೋಸ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆಯಿದೆ. ಉಳಿದವುಗಳಲ್ಲಿ ಮುಚ್ಚಳ ತೆಗೆದೊಡನೆ ಬ್ಯಾಟರಿಯ ಕನೆಕ್ಟರ್ ಕೀಳಬೇಕು. ಬಿಳಿಹಾಳೆಯ ಮೇಲೆ ಯಂತ್ರದ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರದೇ ಜಾಗದಲ್ಲಿ ಟೇಪಿನಿಂದ ಅಂಟಿಸುವುದು ನನ್ನ ಪದ್ಧತಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಅದು ಬೋರ್ಡನ್ನೋ ಕೈ ಇಡುವ ಫಲಕವನ್ನೋ ತೂತು ಮಾಡುತ್ತದೆ. ಕೀಬೋರ್ಡಿನ ಪಟ್ಟಿ ಕೇಬಲ್ ಕೂರುವಲ್ಲಿ ಉಗುರಿನಷ್ಟು ಅಗಲದ ಒಂದು ಕರಿಯ ಅಥವಾ ಬಿಳಿಯ ರೆಪ್ಪೆಯಿರುತ್ತದೆ. ಅದನ್ನು ಮೇಲೆತ್ತಿದ ಮೇಲೆಯೇ ಕೇಬಲ್ ಸಡಿಲವಾಗಿ ಬರುವುದು. ಎಳೆದರೆ ಬರಲಿಲ್ಲವೆಂದರೆ ಇನ್ನೂ ಜೋರಾಗಿ ಎಳೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಆ ರೆಪ್ಪೆ ಮುರಿದರೆ ಹೊಸ ಕೀಬೋರ್ಡ್ ತಂದರೂ ಕೂರಿಸಲು ಆಗದು.

ಫ್ಯಾನ್, ಪೇಸ್ಟ್, ಧೂಳು

ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರ ಕಚೇರಿಯಿಂದ ಬಂದ ಯಂತ್ರವೊಂದನ್ನು ಕಳೆದ ಬೇಸಿಗೆಯಲ್ಲಿ ಬಿಚ್ಚಿದ್ದೆ. ಹೊರಗಿನಿಂದ ಫ್ಯಾನಿನ ಜಾಲರಿ ಸ್ವಚ್ಛವಾಗಿಯೇ ಕಾಣುತ್ತಿತ್ತು, ಅವರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುತ್ತಿದ್ದರಂತೆ. ಫ್ಯಾನಿನ ತಗಡಿನ ಮುಚ್ಚಳ ಎತ್ತಿದಾಗ, ರೆಕ್ಕೆಗಳಿಗೂ ಶಾಖ ಹೊರಹಾಕುವ ತಾಮ್ರದ ಹೀಟ್‌ಸಿಂಕಿನ ಎಲೆಗಳಿಗೂ ನಡುವೆ ಒಂದು ಬೂದುಬಣ್ಣದ ಪಟ್ಟಿ ಕಂಬಳಿಯ ತುಂಡಿನಂತೆ ನೆಟ್ಟಗೆ ನಿಂತಿತ್ತು. ಚಿಮಟಿಗೆಯಲ್ಲಿ ಹಿಡಿದೆಳೆದಾಗ ಹರಿಯದೆ ಇಡಿಯಾಗಿ ಬಂತು. ಕಾಫಿ ಒಣಗಿಸುವ ಕಣದ ದೂಳಿಗೆ ಮಳೆಗಾಲದ ತೇವ ಸೇರಿ, ಅದು ಒಣಗಿ, ಮತ್ತೆ ದೂಳು ಸೇರಿ ಪದರಪದರವಾಗಿ ಗಟ್ಟಿಯಾಗಿತ್ತು. ಹೊರಗಿನಿಂದ ಗಾಳಿ ಊದಿದಷ್ಟೂ ಅದು ಇನ್ನಷ್ಟು ಒಳಗೆ ಒತ್ತಿಕೊಂಡಿತ್ತೇ ವಿನಾ ಹೊರಬಂದಿರಲಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತಳ ತೆಗೆದು, ಫ್ಯಾನಿನ ಮುಚ್ಚಳ ಬಿಚ್ಚಿ, ಒಳಗಿನಿಂದಲೇ ಸ್ವಚ್ಛ ಮಾಡಬೇಕು. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ತೆಗೆದ ಮೇಲೆ ಥರ್ಮಲ್ ಪೇಸ್ಟನ್ನು ಬದಲಿಸದೆ ಮುಚ್ಚಬಾರದು. ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿ, ಪ್ರೊಸೆಸರ್ ಮತ್ತು ಕ್ವಾಡ್ರೊ ಚಿಪ್ಪುಗಳ ಹೊಳೆಯುವ ಭಾಗಕ್ಕೆ ಮಾತ್ರ ತೆಳುವಾಗಿ ಹೊಸದನ್ನು ಹಚ್ಚಬೇಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂಬ ಅಂಕಿಗಳಿರುತ್ತವೆ. ಬಿಗಿಯುವಾಗ ಆ ಕ್ರಮದಲ್ಲಿಯೇ ಎಲ್ಲವನ್ನೂ ಅರ್ಧರ್ಧ ಬಿಗಿದು, ಎರಡನೆಯ ಸುತ್ತಿನಲ್ಲಿ ಪೂರ್ತಿ ಬಿಗಿಯಬೇಕು. ಗ್ರಾಫಿಕ್ಸ್ ಮೆಮೊರಿಯ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಹರಿದಿಲ್ಲವಾದರೆ ಅವನ್ನು ಮುಟ್ಟದಿರುವುದೇ ಕ್ಷೇಮ. ದಪ್ಪ ವ್ಯತ್ಯಾಸವಾದ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಸರಿಯಾಗಿ ಕೂರುವುದಿಲ್ಲ. ಆ ತೋಟದ ಯಂತ್ರ ಮೊದಲು ಎರಡೇ ನಿಮಿಷದಲ್ಲಿ 98 ಡಿಗ್ರಿ ಮುಟ್ಟುತ್ತಿತ್ತು. ಇಷ್ಟು ಮಾಡಿದ ಮೇಲೆ ಅದೇ ಪರೀಕ್ಷೆಯಲ್ಲಿ ಹದಿನೈದು ನಿಮಿಷದ ನಂತರವೂ 84ಕ್ಕೆ ನಿಂತಿತು.

ಕೈಕೊಟ್ಟಾಗ

ಯಂತ್ರ ಹತ್ತುವುದೇ ಇಲ್ಲವೆಂದರೆ ಅಡಾಪ್ಟರ್ ಮತ್ತು ಬ್ಯಾಟರಿಗಳನ್ನು ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಅಡಾಪ್ಟರನ್ನು ಮಾತ್ರ ಜೋಡಿಸಿ ನೋಡಬೇಕು. ಒಳಗೆ ಉಳಿದ ವಿದ್ಯುತ್ತು ಖಾಲಿಯಾದೊಡನೆ ಎದ್ದು ಕೂತ ಯಂತ್ರಗಳು ಎಷ್ಟೋ ಇವೆ. ಆಗಲೂ ಹತ್ತದಿದ್ದರೆ ದೀಪಗಳನ್ನು ನೋಡಬೇಕು. ಡೆಲ್‌ನಲ್ಲಿ ದೀಪ ಹಳದಿ ಮತ್ತು ಬಿಳಿಯಾಗಿ ಎಣಿಕೆಯಂತೆ ಮಿನುಗುತ್ತದೆ, ಎಚ್‌ಪಿಯಲ್ಲಿ ಕ್ಯಾಪ್ಸ್‌ಲಾಕ್ ದೀಪ ಮಿನುಗುತ್ತದೆ; ಎಷ್ಟು ಸಲ ಎಂಬುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಎಣಿಸಿ, ಆ ಮಾದರಿಯ ಮ್ಯಾನ್ಯುಯಲ್‌ನಲ್ಲಿ ಅರ್ಥ ಹುಡುಕಬೇಕು. ರ‍್ಯಾಮ್ ಎಂದು ಬಂದರೆ ಎಲ್ಲ ಪಟ್ಟಿಗಳನ್ನೂ ತೆಗೆದು, ಒಂದನ್ನೇ ಒಂದೊಂದು ಸ್ಲಾಟಿಗೂ ಹಾಕಿ ನೋಡುವುದು ಬೇಸರದ ಕೆಲಸವಾದರೂ ಉತ್ತರ ಖಚಿತ. ಪಟ್ಟಿಯ ಬಂಗಾರದ ಬಣ್ಣದ ಅಂಚು ಮಂಕಾಗಿದ್ದರೆ ಅದೇ ಆಲ್ಕೋಹಾಲಿನಿಂದ ಒರೆಸಬೇಕು. ನಮ್ಮ ಕಡೆ ಆಗಸ್ಟ್ ತಿಂಗಳಲ್ಲಿ ಈ ಒಂದು ಒರೆಸುವಿಕೆಯಿಂದಲೇ ಜೀವ ಬರುವ ಯಂತ್ರಗಳಿವೆ.

ಹತ್ತಿದರೂ ಪರದೆ ಕಪ್ಪಾಗಿದ್ದರೆ, ಕತ್ತಲ ಕೋಣೆಯಲ್ಲಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ಅಥವಾ ಅದರ ಕೇಬಲ್ ಹೋಗಿದೆ. ಏನೂ ಕಾಣದಿದ್ದರೆ ಹೊರಗಿನ ಮಾನಿಟರ್ ಜೋಡಿಸಿ ನೋಡಬೇಕು. ಆದರೆ ಕೆಲವು ಮಾದರಿಗಳಲ್ಲಿ ಹೊರಗಿನ ಪೋರ್ಟ್‌ಗಳು ಕ್ವಾಡ್ರೊಗೇ ನೇರವಾಗಿ ಜೋಡಣೆಯಾಗಿರುವುದರಿಂದ, ಹೊರಗಿನದು ಬರದೆ ಒಳಗಿನದು ಮಾತ್ರ ಬಂದರೆ ಸಂಶಯ ಕ್ವಾಡ್ರೊ ಮೇಲೆ ಹೋಗಬೇಕು. ಯಂತ್ರ ಆಗಾಗ ತಾನಾಗಿ ಮರುಚಾಲೂ ಆಗುತ್ತಿದ್ದರೆ ರಾತ್ರಿ ಮಲಗುವ ಮುನ್ನ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿಟ್ಟು ಬೆಳಿಗ್ಗೆ ನೋಡುವುದು, ಒಂದೇ ಒಂದು ತಪ್ಪು ಕಂಡರೂ ಆ ಪಟ್ಟಿಯನ್ನು ತೆಗೆದುಹಾಕುವುದು. ತಾರೀಕು ಪದೇಪದೇ ಹಿಂದಕ್ಕೆ ಹೋಗಿ, ಜಾಲತಾಣಗಳು ಸುರಕ್ಷಿತವಲ್ಲವೆಂದು ಎಚ್ಚರಿಕೆ ಬರುತ್ತಿದ್ದರೆ ಒಳಗಿನ 3 ವೋಲ್ಟ್‌ನ ಗುಂಡುಬ್ಯಾಟರಿ ಸತ್ತಿದೆ ಎಂದರ್ಥ. ಲ್ಯಾಪ್‌ಟಾಪಿಗೆ ಬರುವುದು ಸಾಮಾನ್ಯವಾಗಿ ತಂತಿ ಮತ್ತು ಕನೆಕ್ಟರ್ ಸಹಿತವಾದದ್ದು.

ಡೆಲ್ ಕೊಂಡವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: ಲಿನಕ್ಸ್ ಹಾಕಲು ಹೋದರೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಬಯೋಸ್‌ನಲ್ಲಿ ಸಾಟಾ ಆಪರೇಷನ್ ಎಂಬುದು ರೇಡ್ ಎಂದಿರುತ್ತದೆ, ಅದನ್ನು ಎಎಚ್‌ಸಿಐ ಮಾಡಿದರೆ ಕಾಣುತ್ತದೆ. ಈಗಾಗಲೇ ಇರುವ ವಿಂಡೋಸನ್ನು ಉಳಿಸಿಕೊಳ್ಳಬೇಕಾದವರು ಮಾತ್ರ ನೇರವಾಗಿ ಬದಲಿಸಬಾರದು, ಬದಲಿಸಿದರೆ ವಿಂಡೋಸ್ ಹತ್ತುವುದಿಲ್ಲ. ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಹತ್ತುವಂತೆ ಮೊದಲು ವಿಂಡೋಸ್‌ನಲ್ಲಿ ಹೊಂದಿಸಿ, ಆಮೇಲೆ ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಹತ್ತಿಸಿ, ಅನಂತರ ಆ ಹೊಂದಿಕೆಯನ್ನು ತೆಗೆದರೆ ಸರಿಹೋಗುತ್ತದೆ. ಬಯೋಸ್‌ನಲ್ಲಿ ಇಂಥದ್ದೇನನ್ನು ಬದಲಿಸುವ ಮುನ್ನವೂ, ಅಪ್‌ಡೇಟ್ ಮಾಡುವ ಮುನ್ನವೂ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬಯೋಸ್ ಅಪ್‌ಡೇಟನ್ನು ಬ್ಯಾಟರಿ ತುಂಬಿದ್ದು ಅಡಾಪ್ಟರ್ ಜೋಡಿಸಿರುವಾಗ ಮಾತ್ರ ಮಾಡಬೇಕು. ಮಳೆ ಗಾಳಿಯ ಸಂಜೆ ಅದಕ್ಕೆ ಕೈಹಾಕದಿರುವುದು ಒಳ್ಳೆಯದು.

ಮಲೆನಾಡಿನ ಮಳೆಗಾಲ

ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಕೊನೆಯದಾಗಿ ಎರಡು ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರವನ್ನು ವಾರಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಡಬಾರದು. ಬಳಸಲಿ ಬಿಡಲಿ, ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಅದರದೇ ಶಾಖಕ್ಕೆ ಒಳಗಿನ ತೇವ ಆರುತ್ತದೆ. ಇಡುವಾಗ ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿಟ್ಟರೆ ಉತ್ತಮ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಅಡಾಪ್ಟರನ್ನಷ್ಟೇ ಅಲ್ಲದೆ ಇಂಟರ್‌ನೆಟ್ಟಿನ ಕೇಬಲನ್ನೂ ಕೀಳಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಚಾರ್ಜಿಗೆ ಹಾಕಿದಾಗ ಯಂತ್ರದ ಲೋಹದ ಅಂಚು ಮುಟ್ಟಿದರೆ ಕೈ ಜುಮ್ಮೆನ್ನುವುದನ್ನು ತೋಟದ ಹಳೆಯ ಮನೆಗಳವರು ಯಂತ್ರದ ದೋಷವೆಂದು ತಂದು ತೋರಿಸುತ್ತಾರೆ. ಅದು ಹೆಚ್ಚಾಗಿ ಮನೆಯ ಅರ್ಥಿಂಗ್ ಸರಿಯಿಲ್ಲದ್ದರ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಿದ್ದರ ಫಲ. ಅದೇ ಯಂತ್ರವನ್ನು ನನ್ನ ಕಚೇರಿಯ ಸಾಕೆಟ್ಟಿಗೆ ಹಾಕಿ, ಮುಟ್ಟಿ ನೋಡಲು ಹೇಳುತ್ತೇನೆ. ಜುಮ್ಮೆನ್ನದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸುತ್ತೇನೆ.